ಸಭಾಕಂಪನ ಹೋಗ್ಬೇಕಾ? ಮೊದಲು ಒಂದು ಹವ್ಯಾಸ ಹಿಡೀರಿ, ಮೈಕ್ ಆಮೇಲೆ

ಸ್ಟೇಜ್ ಫಿಯರ್ ಹೋಗ್ಸೋಕೆ ಏನ್ ಮಾಡ್ಬೇಕು ಅಂತ ಕೇಳೋರಲ್ಲಿ ತುಂಬ ಜನ ಒಂದೇ ದಾರಿ ಹಿಡಿದು ಒಂದೇ ಕಡೆ ಎಡವ್ತಾರೆ. ಒಂದಷ್ಟು ವಿಡಿಯೋ ನೋಡ್ತಾರೆ, ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡ್ತಾರೆ, ಭಾಷಣ ಪೂರ್ತಿ ಬರೆದು ಬಾಯಿಪಾಠ ಮಾಡ್ತಾರೆ, ಆಮೇಲೆ ಸೀದಾ ಇನ್ನೂರು ಜನ ಸೇರೋ ಕಾರ್ಯಕ್ರಮಕ್ಕೆ ಹೆಸರು ಕೊಡ್ತಾರೆ, ಅಲ್ಲಿ ಮೂರನೇ ವಾಕ್ಯಕ್ಕೇ ಎಲ್ಲ ಮರೆತು ಕೆಳಗಿಳಿದು ಬಂದು "ನನ್ ಕೈಲಿ ಆಗಲ್ಲ ಬಿಡಿ" ಅಂತ ತೀರ್ಮಾನ ಮಾಡ್ಬಿಡ್ತಾರೆ. ಅವ್ರ ಕೈಲಿ ಆಗತ್ತೆ, ಕ್ರಮ ತಪ್ಪಿದೆ ಅಷ್ಟೇ.

ಮಾತಾಡೋದನ್ನೇ ಗುರಿ ಮಾಡ್ಕೊಂಡು ನಿಂತ್ರೆ ನಮ್ಮ ಗಮನ ಪೂರ್ತಿ ನಮ್ಮ ಮೇಲೇ ಇರತ್ತೆ. ಕೈ ನಡುಗ್ತಿದೆಯಾ, ಧ್ವನಿ ಸರಿ ಇದೆಯಾ, ಅವ್ರು ಯಾಕೆ ನಗ್ತಿದಾರೆ, ಇದೇ ಓಡ್ತಿರತ್ತೆ ತಲೇಲಿ. ಅದೇ ನಿಮಗೆ ನಿಜವಾಗ್ಲೂ ಇಷ್ಟ ಇರೋ ಒಂದು ವಿಷಯ ಇದ್ದು ಅದರ ಬಗ್ಗೆ ಹತ್ತು ಜನಕ್ಕೆ ಹೇಳ್ಬೇಕಾಗಿ ಬಂದಾಗ ಗಮನ ವಿಷಯದ ಕಡೆ ಹೋಗತ್ತೆ, ಭಯಕ್ಕೆ ಜಾಗ ಕಮ್ಮಿ ಆಗತ್ತೆ. ಅದಕ್ಕೇ ಹವ್ಯಾಸ ಮೊದಲು ಅಂತ ಹೇಳ್ತಿರೋದು. ಕೆಳಗಿನ ಹಂತಗಳನ್ನ ಇದೇ ಆರ್ಡರಲ್ಲಿ ಮಾಡಿ, ಮೂರ್ನಾಲ್ಕು ತಿಂಗಳು ಹಿಡಿಯತ್ತೆ, ಮಧ್ಯ ಮಧ್ಯ ಹಾರಿಸ್ಬೇಡಿ.

## ಶುರು ಮಾಡೋಕೆ ಮುಂಚೆ ಏನೇನು ಬೇಕು

ಜಾಸ್ತಿ ಏನಿಲ್ಲ. ಫೋನಲ್ಲಿರೋ ವಾಯ್ಸ್ ರೆಕಾರ್ಡರ್ ಮತ್ತೆ ಟೈಮರ್, ಒಂದು ಚಿಕ್ಕ ನೋಟ್‌ಬುಕ್, ಒಂದು ಸ್ಕೆಚ್ ಪೆನ್, ಪೋಸ್ಟ್‌ಕಾರ್ಡ್ ಸೈಜಿನ ದಪ್ಪ ಕಾರ್ಡುಗಳು. ತೆಳು ಎ4 ಹಾಳೆ ಬೇಡ, ಕೈ ಒಂಚೂರು ನಡುಗಿದ್ರೂ ಅದು ಪಟಪಟ ಅಂತ ಊರಿಗೆಲ್ಲ ಗೊತ್ತಾಗೋ ಹಾಗೆ ಅಲ್ಲಾಡತ್ತೆ. ಇನ್ನು ಕೊನೇದು, ಆಡ್ಕೊಳ್ದೇ ಕೂತು ಕೇಳೋ ಒಬ್ರು ಬೇಕು. ಅಕ್ಕ, ತಮ್ಮ, ರೂಮ್‌ಮೇಟ್ ಯಾರಾದ್ರೂ ಸರಿ, ಆದ್ರೆ ಮಾತಿನ ಮಧ್ಯೆ ಬಾಯಿ ಹಾಕಿ ತಿದ್ದೋ ಸ್ವಭಾವದೋರು ಬೇಡವೇ ಬೇಡ.

ಸಾವಿರಗಟ್ಟಲೆ ಫೀಸ್ ಕೊಟ್ಟು ಸೇರೋ ಎರಡು ದಿನದ ವೀಕೆಂಡ್ ಕೋರ್ಸ್ ಈಗ ಬೇಕಿಲ್ಲ. ಭಯ ಇಳಿಯೋದು ವಾರ ವಾರ ತಪ್ಪದೇ ಮಾಡಿದ್ರೆ, ಒಂದೇ ಸಲ ಜಾಸ್ತಿ ಮಾಡಿದ್ರೆ ಅಲ್ಲ.

## ಹಂತ 1: ಭಯವನ್ನ ಬಿಡಿಬಿಡಿಯಾಗಿ ಬರ್ಕೊಳ್ಳಿ

"ನಂಗೆ ಸ್ಟೇಜ್ ಅಂದ್ರೆ ಭಯ" ಅನ್ನೋ ಒಂದೇ ಮಾತಲ್ಲಿ ಹತ್ತು ಭಯ ಸೇರ್ಕೊಂಡಿರತ್ತೆ, ಅದನ್ನ ಬಿಡಿಸ್ಬೇಕು. ನೋಟ್‌ಬುಕ್ಕಲ್ಲಿ ನಿಮಗೆ ಕಷ್ಟ ಆಗೋ ಸಂದರ್ಭಗಳನ್ನೆಲ್ಲ ಬರೆದು ಒಂದೊಂದಕ್ಕೂ 0ಯಿಂದ 10ರ ತನಕ ಮಾರ್ಕ್ಸ್ ಕೊಡಿ. ಉದಾಹರಣೆಗೆ ಪರಿಚಯ ಇಲ್ಲದೋರ ಹತ್ರ ದಾರಿ ಕೇಳೋದು 2, ಮೀಟಿಂಗಲ್ಲಿ ಪ್ರಶ್ನೆ ಕೇಳೋದು 4, ಟೀಮ್ ಮುಂದೆ ಐದು ನಿಮಿಷ ಅಪ್‌ಡೇಟ್ ಕೊಡೋದು 6, ಅಪಾರ್ಟ್‌ಮೆಂಟ್ ಗಣೇಶೋತ್ಸವದಲ್ಲಿ ನಿರೂಪಣೆ ಮಾಡೋದು 9. ಇದೇ ನಿಮ್ಮ ಮೆಟ್ಟಿಲು. ಶುರು ಮಾಡ್ಬೇಕಾಗಿರೋದು 3 ಅಥವಾ 4ರಿಂದ. 9ರಿಂದ ಶುರು ಮಾಡೋರೇ ಬಿಟ್ಟು ಹೋಗೋದು.

ಇನ್ನೊಂದು ಲಿಸ್ಟ್ ಮಾಡಿ, ಮೈಯಲ್ಲಿ ಏನೇನಾಗತ್ತೆ ಅಂತ. ಎದೆ ಡವಡವ, ಬಾಯಿ ಒಣಗೋದು, ಅಂಗೈ ಬೆವರೋದು, ಮಂಡಿ ನಡುಗೋದು, ಹೊಟ್ಟೆ ತೊಳಸೋದು, ಇದೆಲ್ಲ ಅಡ್ರಿನಲಿನ್ ಕೆಲಸ. ಅಪಾಯ ಬಂದಿದೆ ಅಂತ ಮೆದುಳು ಅಂದ್ಕೊಂಡು ರಕ್ತವನ್ನ ಕೈಕಾಲಿನ ಸ್ನಾಯುಗಳ ಕಡೆ ಕಳಿಸತ್ತೆ, ಜೀರ್ಣಕ್ರಿಯೆ, ಜೊಲ್ಲು ಇವನ್ನೆಲ್ಲ ಕಮ್ಮಿ ಮಾಡತ್ತೆ, ಅದಕ್ಕೇ ನಾಲಿಗೆ ಅಂಟ್ಕೊಳ್ಳೋದು. ಒಂದು ವಿಷಯ ನೆನಪಿಡಿ, ಈ ಅಬ್ಬರ ಜಾಸ್ತಿ ಇರೋದು ಹೆಸರು ಕರೆಯೋಕೆ ಮುಂಚೆ ಮತ್ತೆ ಮಾತು ಶುರುವಾದ ಮೊದಲ ಒಂದೆರಡು ನಿಮಿಷ, ಆಮೇಲೆ ತಾನಾಗೇ ಇಳಿಯತ್ತೆ. ಆ ಹೊತ್ತಲ್ಲೇ ಎದ್ದು ಹೋದ್ರೆ "ಓಡಿದ್ದಕ್ಕೆ ಬಚಾವಾದೆ" ಅಂತ ಮೆದುಳು ಕಲಿಯತ್ತೆ, ಮುಂದಿನ ಸಲ ಭಯ ಇನ್ನೂ ಜೋರಾಗಿ ಬರತ್ತೆ. ಹಾಗಾಗಿ ಇಡೀ ಮಾರ್ಗದರ್ಶೀಲಿ ಒಂದೇ ಒಂದು ಕಟ್ಟುನಿಟ್ಟಾದ ರೂಲ್ ಇದೆ ಅಂದ್ರೆ ಅದು ಇದು: ಭಯ ಮೇಲಿದ್ದಾಗ ಅಲ್ಲಿಂದ ಕದಲ್ಬೇಡಿ, ಮಾತು ಚೆನ್ನಾಗಿ ಬರ್ದಿದ್ರೂ ಪರವಾಗಿಲ್ಲ, ನಿಂತಿರಿ.

## ಹಂತ 2: ಬಾಯಿ ಬಿಡ್ಲೇಬೇಕಾದ ಹವ್ಯಾಸ ಆರಿಸಿ

ಎಲ್ಲಾ ಹವ್ಯಾಸನೂ ಇದಕ್ಕೆ ಆಗಿಬರಲ್ಲ. ಮೂರು ವಿಷಯ ನೋಡಿ. ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಲ ಅದೇ ಜನ ಸೇರ್ಬೇಕು. ಅಲ್ಲಿ ಸುಮ್ನೆ ಕೂತು ಬರೋಕಾಗ್ಬಾರದು, ಏನಾದ್ರೂ ಮಾತಾಡೋ ಅವಕಾಶ ಇರ್ಬೇಕು. ಶುರುವಿನಲ್ಲಿ ಕೈಯಲ್ಲೊಂದು ವಸ್ತುವೋ ಕಣ್ಣ ಮುಂದೆ ಒಂದು ಪುಸ್ತಕವೋ ಇರ್ಬೇಕು, ಆಗ ಎಲ್ಲರ ಕಣ್ಣೂ ನಿಮ್ಮ ಮುಖದ ಮೇಲೇ ಇರಲ್ಲ. ಕಬ್ಬನ್ ಪಾರ್ಕಲ್ಲಿ ಶನಿವಾರ ಸೇರೋ ಕಬ್ಬನ್ ರೀಡ್ಸ್ ತರದ ಮೌನ ಓದು ತುಂಬ ಚಂದದ ಹವ್ಯಾಸ, ಜನ ಪರಿಚಯ ಆಗ್ತಾರೆ, ಆದ್ರೆ ಅಲ್ಲಿ ಓದೋದು ಮನಸ್ಸಲ್ಲೇ ಆದ್ರಿಂದ ನಮ್ಮ ಈ ಕೆಲಸಕ್ಕೆ ಅದೊಂದೇ ಸಾಲಲ್ಲ.

ನಮ್ಮ ಕಡೆ ಇದಕ್ಕೆ ಹೊಂದೋ ಹವ್ಯಾಸಗಳು ಬೇಕಾದಷ್ಟಿವೆ.

ಗಮಕ: ಷಟ್ಪದಿಯಂಥ ಕಾವ್ಯದ ಪದ್ಯಗಳನ್ನ ರಾಗವಾಗಿ ಓದೋದು. ಪುಸ್ತಕ ಮುಂದೇನೇ ಇರತ್ತೆ, ಮರೆತುಹೋಗತ್ತೆ ಅನ್ನೋ ಭಯ ಇಲ್ಲ, ಕೂತ್ಕೊಂಡೇ ಓದ್ತಾರೆ, ಉಸಿರಿನ ಮೇಲೆ ಹಿಡಿತ ಬರತ್ತೆ. ಮಾತು ತುಂಬ ಬೇಗ ಬೇಗ ಓಡೋರಿಗೆ ಇದಕ್ಕಿಂತ ಒಳ್ಳೇದು ನಾನಂತೂ ನೋಡಿಲ್ಲ, ಯಾಕಂದ್ರೆ ರಾಗವಾಗಿ ಓದೋವಾಗ ಓಡೋಕೆ ಪದ್ಯವೇ ಬಿಡಲ್ಲ.

ತಾಳಮದ್ದಳೆ: ಕರಾವಳಿ, ಮಲೆನಾಡಿನೋರಿಗೆ ಹೇಳ್ಬೇಕಾಗೇ ಇಲ್ಲ. ಉಳಿದೋರಿಗೆ ಹೇಳೋದಾದ್ರೆ ಇದು ಯಕ್ಷಗಾನದ್ದೇ ಒಂದು ರೂಪ, ಆದ್ರೆ ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ್ಯ ಹಾಡಿದ್ಮೇಲೆ ಅರ್ಥಧಾರಿ ಕೂತಲ್ಲೇ ಆ ಪಾತ್ರವಾಗಿ ಅರ್ಥ ಹೇಳ್ತಾರೆ, ಎದುರಿನ ಪಾತ್ರಕ್ಕೆ ಸ್ಥಳದಲ್ಲೇ ಉತ್ತರ ಕೊಡ್ತಾರೆ. ಆಶುವಾಗಿ ಮಾತಾಡೋಕೆ ಇದು ನಿಜವಾದ ಗರಡಿ. ಆದ್ರೆ ಮೊದಲನೇ ದಿನವೇ ಕೃಷ್ಣನ ಪಾತ್ರ ಕೇಳ್ಬೇಡಿ, ಊರಿನ ಹವ್ಯಾಸಿ ಸಂಘದಲ್ಲಿ ಒಂದೆರಡು ಪದ್ಯಕ್ಕೆ ಮುಗಿಯೋ ಸಣ್ಣ ಪಾತ್ರ ಕೇಳಿ.

ಹವ್ಯಾಸಿ ನಾಟಕ: ಬೆಂಗಳೂರು, ಮೈಸೂರು, ಧಾರವಾಡ, ಶಿವಮೊಗ್ಗ ಎಲ್ಲಾ ಕಡೆ ತಂಡಗಳಿವೆ, ಕೆಲಸಕ್ಕೆ ಹೋಗೋರಿಗೆ ಅಂತಾನೇ ಸಂಜೆ ಶಿಬಿರ ನಡೆಯತ್ತೆ. ಮಾತೆಲ್ಲ ಬೇರೆಯೋರು ಬರೆದಿದ್ದು, ನೀವು ನೀವಲ್ಲ, ಪಾತ್ರ. ಮುಜುಗರ ಜಾಸ್ತಿ ಇರೋರಿಗೆ ಇದು ದೊಡ್ಡ ಅನುಕೂಲ. ಶುರುವಿನಲ್ಲಿ ಗುಂಪಿನ ದೃಶ್ಯ ಕೇಳಿ.

ತಾರಸಿ ತೋಟ, ಅಡುಗೆ, ಹಕ್ಕಿ ನೋಡೋದು, ನಾಣ್ಯ ಸಂಗ್ರಹ: ಇದರಲ್ಲಿ ಸ್ಟೇಜೇ ಇಲ್ಲ. ಆದ್ರೆ "ನೀವು ಹೆಂಗೆ ಮಾಡಿದ್ರಿ ತೋರ್ಸಿ" ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಕಲೆ ಗಿಲೆ ನಮಗಲ್ಲ ಅನ್ನೋರು ಇದನ್ನೇ ಹಿಡೀರಿ.

ಇಲ್ಲಿ ಆಗೋ ತಪ್ಪು ಏನಂದ್ರೆ ಉತ್ಸಾಹದಲ್ಲಿ ಒಂದೇ ಸಲ ಮೂರಕ್ಕೆ ಸೇರೋದು. ಒಂದು ಸಾಕು. ಎರಡು ಸಲ ಹೋಗಿ ನೋಡಿ, ಅಲ್ಲಿರೋರು ಹೊಸಬರನ್ನ ಹೇಗೆ ನಡೆಸ್ಕೊಳ್ತಾರೆ ಗಮನಿಸಿ. ತಪ್ಪು ಮಾಡಿದೋರನ್ನ ಎಲ್ಲರ ಮುಂದೆ ಹೀಯಾಳಿಸೋ ಗುಂಪಾದ್ರೆ ಎಷ್ಟೇ ಹೆಸರಿದ್ರೂ ಮೂರನೇ ಸಲ ಹೋಗ್ಬೇಡಿ.

## ಹಂತ 3: ಮೊದಲ ತಿಂಗಳು, ಪ್ರತೀ ಸಲ ಒಂದೇ ಒಂದು ವಾಕ್ಯ

ಹೊಸ ಗುಂಪಿಗೆ ಹೋದ ತಕ್ಷಣ ಹಿಂದಿನ ಸಾಲು ಹುಡುಕೋದು ಅಭ್ಯಾಸ. ಮುಂದಿನ ಎರಡು ಸಾಲಲ್ಲೇ ಕೂತ್ಕೊಳ್ಳಿ, ಹಿಂದೆ ಕೂತು ಮಾತಾಡಿದ್ರೆ ಎಲ್ಲರೂ ತಿರುಗಿ ನೋಡ್ತಾರೆ, ಮುಂದೆ ಕೂತ್ರೆ ಬೆನ್ನಷ್ಟೇ ಕಾಣೋದು. ಸೇರಿದ ಹತ್ತು ನಿಮಿಷದೊಳಗೆ ಒಂದು ವಾಕ್ಯ ಹೇಳಿ, ಅದು ಪ್ರಶ್ನೆಯಾದ್ರೂ ಸರಿ, "ಇದು ನಂಗೆ ಅರ್ಥ ಆಗ್ಲಿಲ್ಲ ಸರ್, ಇನ್ನೊಂದ್ಸಲ ಹೇಳ್ತೀರಾ" ಅಂದ್ರೂ ಸಾಕು. ತಡ ಮಾಡಿದಷ್ಟೂ ಬಾಯಿ ಬಿಡೋದು ಕಷ್ಟ ಆಗ್ತಾ ಹೋಗತ್ತೆ, ಕೊನೇಲಿ ಕೇಳೋಣ ಅಂತ ಕಾದೋರು ಕೇಳೋದೇ ಇಲ್ಲ. ನಾಚಿಕೆ ಜಾಸ್ತಿ ಇದ್ರೆ ಪ್ರಶ್ನೆಯನ್ನ ಮನೇಲೇ ಬರ್ಕೊಂಡು ಹೋಗಿ. ಮನೆಗೆ ಬಂದು ಎಷ್ಟು ಮಾರ್ಕ್ಸ್ ಭಯ ಆಯ್ತು ಅಂತ ಬರೀರಿ. 4 ಇದ್ದಿದ್ದು 2ಕ್ಕೆ ಇಳಿಯೋ ತನಕ ಇದೇ ಹಂತದಲ್ಲಿರಿ.

## ಹಂತ 4: ಕೈಯಲ್ಲಿ ವಸ್ತು ಹಿಡ್ಕೊಂಡು ಎರಡು ನಿಮಿಷ

ಇದು ಎಲ್ಲರೂ ಹಾರಿಸೋ ಹಂತ, ಆದ್ರೆ ನಿಜವಾಗಿ ಭಯ ಮುರಿಯೋದು ಇಲ್ಲೇ. ಖಾಲಿ ಕೈಯಲ್ಲಿ ನಿಂತು ಮಾತಾಡೋಕೆ ಮುಂಚೆ ಕೆಲಸ ಮಾಡ್ತಾ ಮಾತಾಡೋದು ಕಲೀರಿ. ಮೂರ್ನಾಲ್ಕು ಜನ ಸಾಕು, ಮನೆಯೋರು, ಪಕ್ಕದ ಮನೆಯೋರು.

ಕರಿಬೇವಿನ ಗಿಡ ತಗೊಳ್ಳಿ. ಕುಂಡ ಟೇಬಲ್ ಮೇಲಿಡಿ, ಕೈಯಲ್ಲಿ ಕತ್ತರಿ. "ಈ ಗಿಡ ನೋಡಿ, ಒಂದೇ ಕಡ್ಡಿ ಉದ್ದಕ್ಕೆ ಹೋಗಿದೆ, ಎಲೆ ಮೇಲ್ಗಡೆ ಮಾತ್ರ ಇದೆ." ಇಲ್ಲಿ ನಿಲ್ಲಿಸಿ, ಗಿಡ ತಿರುಗಿಸಿ ತೋರ್ಸಿ. "ನಾವು ಬರೀ ಎಲೆ ಕೀಳ್ತೀವಿ, ತುದಿ ಹಾಗೇ ಬಿಡ್ತೀವಿ, ಅದಕ್ಕೇ ಇದು ಕವಲೊಡೀತಿಲ್ಲ." ತುದಿ ಕತ್ತರಿಸಿ. ಕತ್ತರಿಸೋವಾಗ ಮಾತು ಬೇಡ, ಎಲ್ಲರೂ ಕತ್ತರಿಯನ್ನೇ ನೋಡ್ತಿರ್ತಾರೆ, ಆ ಎರಡು ಸೆಕೆಂಡಲ್ಲಿ ನೀವು ಉಸಿರು ತಗೊಳ್ಬಹುದು. "ಈಗ ಪಕ್ಕದಿಂದ ಚಿಗುರು ಬರತ್ತೆ. ನೀರು ಮಾತ್ರ ಮಣ್ಣು ಮುಟ್ಟಿ ನೋಡಿ ಒಣಗಿದ್ರೆ ಹಾಕಿ, ಸದಾ ಒದ್ದೆ ಇದ್ರೆ ಬೇರು ಕೊಳ್ಯತ್ತೆ, ಎಲೆ ಹಳದಿ ಆಗತ್ತೆ." ಅಷ್ಟೇ, ಎರಡು ನಿಮಿಷ ಮುಗೀತು. ಸಮಸ್ಯೆ, ಕಾರಣ, ಪರಿಹಾರ, ಎಚ್ಚರಿಕೆ ಎಲ್ಲ ಬಂತು, ಬಾಯಿಪಾಠ ಏನೂ ಮಾಡ್ಲಿಲ್ಲ, ಗಿಡವೇ ಮುಂದೇನು ಅಂತ ನೆನಪಿಸ್ತಾ ಹೋಯ್ತು.

ನಿಮ್ಮ ಹವ್ಯಾಸದಲ್ಲಿ ಇಂಥ ಐದು ವಿಷಯ ಹುಡುಕಿ, ಒಂದೊಂದನ್ನೂ ಬೇರೆ ಬೇರೆ ಜನಕ್ಕೆ ಎರಡು ಮೂರು ಸಲ ತೋರ್ಸಿ. ಒಂದೇ ವಿಷಯ ಎರಡನೇ ಸಲ ಹೇಳೋವಾಗ ಎಷ್ಟು ಸಲೀಸಾಗಿ ಬರತ್ತೆ ಅಂತ ನಿಮಗೇ ಗೊತ್ತಾಗತ್ತೆ.

## ಹಂತ 5: ರೆಕಾರ್ಡ್ ಮಾಡಿ ಕೇಳಿ, ಆದ್ರೆ ಸರಿಯಾಗಿ ಕೇಳಿ

ತಮ್ಮ ಧ್ವನಿ ಕೇಳಿ ಬೇಜಾರಾಗಿ ಅಲ್ಲಿಗೇ ಬಿಟ್ಟೋರು ತುಂಬ ಜನ. ನಮ್ಮ ಮಾತು ನಮಗೆ ತಲೆಬುರುಡೆ ಮೂಳೆ ಮೂಲಕವೂ ಕೇಳ್ಸತ್ತೆ, ಹಾಗಾಗಿ ದಪ್ಪ ಅನ್ಸತ್ತೆ, ರೆಕಾರ್ಡಿಂಗಲ್ಲಿ ಅದಿರಲ್ಲ, ತೆಳ್ಳಗೆ ಅನ್ಸತ್ತೆ. ಬೇರೆಯೋರು ನಿಮ್ಮನ್ನ ಇಷ್ಟು ದಿನ ಕೇಳಿರೋದು ಆ ಧ್ವನೀಲೇ, ಅವ್ರಿಗೇನೂ ವಿಚಿತ್ರ ಇಲ್ಲ.

ಒಂದು ಸಲ ಕೇಳಿದಾಗ ಒಂದೇ ಅಂಶ ನೋಡಿ. ಮೊದಲನೇ ಸಲ ಸ್ಪೀಡು. ಎರಡನೇ ಸಲ "ಆಕ್ಚುಲಿ", "ಸೋ", "ಏನಪ್ಪಾ ಅಂದ್ರೆ", "ಆಮೇಲೆ ಆಮೇಲೆ" ಎಷ್ಟು ಬಂತು ಅಂತ ಗೆರೆ ಹಾಕಿ. ಮೂರನೇ ಸಲ ವಾಕ್ಯದ ಕೊನೆ, ಯಾಕಂದ್ರೆ ಕನ್ನಡದಲ್ಲಿ ಕ್ರಿಯಾಪದ ಇರೋದು ಕೊನೇಲಿ, ಭಯ ಇದ್ದೋರು ಕೊನೇನೇ ನುಂಗ್ತಾರೆ, ಮಾಡಿದ್ರೋ ಮಾಡ್ಲಿಲ್ವೋ ಅನ್ನೋದೇ ಕೇಳೋರಿಗೆ ಗೊತ್ತಾಗಲ್ಲ. ಎಲ್ಲವನ್ನೂ ಒಟ್ಟಿಗೆ ಸರಿಮಾಡೋಕೆ ಹೋಗ್ಬೇಡಿ, ವಾರಕ್ಕೊಂದು.

## ಹಂತ 6: ಮಾತನ್ನ ತಯಾರು ಮಾಡೋದು

ಪೂರ್ತಿ ಬಾಯಿಪಾಠ ಮಾಡಿದ್ರೆ ಒಂದು ಪದ ತಪ್ಪಿದ್ರೂ ಸರಪಳಿ ಕಡಿದು ಹೋಗತ್ತೆ. ಮೊದಲ ಎರಡು ವಾಕ್ಯ ಮತ್ತೆ ಕೊನೇ ಒಂದು ವಾಕ್ಯ ಮಾತ್ರ ಬಾಯಿಪಾಠ ಇರ್ಲಿ. ಮಧ್ಯದ್ದಕ್ಕೆ ಒಂದು ಕಾರ್ಡಲ್ಲಿ ದೊಡ್ಡಕ್ಷರದಲ್ಲಿ ಐದು ಪದ. ಕರಿಬೇವಿನ ಉದಾಹರಣೇಲಾದ್ರೆ: ಕಡ್ಡಿ, ತುದಿ, ಕವಲು, ನೀರು, ಹಳದಿ. ಇದನ್ನಿಟ್ಕೊಂಡು ಎದ್ದು ನಿಂತು, ಜೋರಾಗಿ, ಪ್ರತೀ ಸಲ ಬೇರೆ ಪದಗಳಲ್ಲಿ ಹೇಳಿ ನೋಡಿ. ಮನಸ್ಸಲ್ಲೇ ಓದ್ಕೊಳ್ಳೋದು ಪ್ರಾಕ್ಟೀಸ್ ಲೆಕ್ಕಕ್ಕೆ ಬರಲ್ಲ.

ಕನ್ನಡದ ಸಭೆಗಳಲ್ಲಿ ಎರಡು ಗುಂಡಿ ಇವೆ, ಇವೆರಡಕ್ಕೆ ಬಿದ್ದೋರು ಲೆಕ್ಕವೇ ಇಲ್ಲ. ಒಂದು, ಸಂಬೋಧನೆ. "ವೇದಿಕೆಯ ಮೇಲೆ ಆಸೀನರಾಗಿರುವ ಸನ್ಮಾನ್ಯ..." ಅಂತ ಶುರು ಮಾಡಿ ನಾಲ್ಕನೇ ಹೆಸರಿಗೆ ತಡವರಿಸಿ ಅಲ್ಲೇ ಅರ್ಧ ಧೈರ್ಯ ಹೋಗತ್ತೆ. ಹೆಸರು ಹೇಳ್ಲೇಬೇಕಿದ್ರೆ ಬೇರೆ ಕಾರ್ಡಲ್ಲಿ ಬರೆದು ನೋಡ್ಕೊಂಡೇ ಓದಿ, ಯಾರೂ ಏನೂ ಅನ್ಕೊಳ್ಳಲ್ಲ, ಹೇಳ್ಬೇಕಿಲ್ಲ ಅಂದ್ರೆ "ಎಲ್ಲರಿಗೂ ನಮಸ್ಕಾರ" ಸಾಕು. ಎರಡನೇದು ಗ್ರಾಂಥಿಕ ಭಾಷೆ. ಮನೇಲಿ "ಹೋಗ್ತೀನಿ" ಅನ್ನೋರು ಸ್ಟೇಜ್ ಹತ್ತಿದ ತಕ್ಷಣ "ತೆರಳುತ್ತೇನೆ" ಅನ್ನೋಕೆ ಹೋಗ್ತಾರೆ, ಪದ ಹುಡುಕೋದ್ರಲ್ಲಿ ವಿಷಯ ಕಳೆದುಹೋಗತ್ತೆ. ಧಾರವಾಡದೋರು ಧಾರವಾಡದ ಹಾಗೆ, ಕುಂದಾಪುರದೋರು ಕುಂದಾಪ್ರದ ಹಾಗೆ ಮಾತಾಡಿ. ನಿಮ್ಮ ಬಾಯಲ್ಲಿ ದಿನಾ ಓಡಾಡೋ ಭಾಷೆ ಭಯದಲ್ಲೂ ಕೈಕೊಡಲ್ಲ.

## ಹಂತ 7: ಸ್ಟೇಜ್ ಕೆಲಸಗಳನ್ನ ಸುಲಭದಿಂದ ಕಷ್ಟಕ್ಕೆ ಹತ್ತಿ

ಊರಿನ ಸಂಘ, ಅಪಾರ್ಟ್‌ಮೆಂಟ್, ಆಫೀಸಿನ ಕನ್ನಡ ಬಳಗ, ಹೊರದೇಶದಲ್ಲಿದ್ರೆ ಕನ್ನಡ ಕೂಟ, ಎಲ್ಲಾದ್ರೂ ಒಂದು ಕಾರ್ಯಕ್ರಮ ಇದ್ದೇ ಇರತ್ತೆ. ಅದರಲ್ಲಿ ಎಲ್ಲಾ ಕೆಲಸಾನೂ ಒಂದೇ ಕಷ್ಟ ಇರಲ್ಲ. ನನ್ನ ಪ್ರಕಾರ ಕ್ರಮ ಹೀಗಿರ್ಬೇಕು: ಮೊದಲು ಅತಿಥಿ ಪರಿಚಯ, ಯಾಕಂದ್ರೆ ಚೀಟಿ ನೋಡಿ ಓದೋದು ಅಲ್ಲಿ ಸಹಜ, ಜನ ನೋಡೋದೂ ಅತಿಥೀನೇ. ಆಮೇಲೆ ವಂದನಾರ್ಪಣೆ, ಲಿಸ್ಟ್ ಕೈಯಲ್ಲೇ ಇರತ್ತೆ, ಎರಡು ನಿಮಿಷದ ಕೆಲಸ, ಜನ ಊಟಕ್ಕೆ ಏಳೋ ಹೊತ್ತು. ಅದಾದ್ಮೇಲೆ ಸ್ವಾಗತ. ನಿರೂಪಣೆ ಇದೆಲ್ಲಕ್ಕಿಂತ ಕಷ್ಟ, ಅತಿಥಿ ತಡವಾದ್ರೆ, ಕರೆಂಟ್ ಹೋದ್ರೆ, ಎಲ್ಲಕ್ಕೂ ನೀವೇ ಮಾತು ತುಂಬಿಸ್ಬೇಕು. "ಸುಮ್ನೆ ಹೆಸರು ಕರೆಯೋದಷ್ಟೇ" ಅಂತ ಹೊಸಬರಿಗೆ ಇದನ್ನೇ ಮೊದಲು ಕಟ್ಟೋದು ದೊಡ್ಡ ತಪ್ಪು, ಒಪ್ಕೊಳ್ಬೇಡಿ.

ನಿಯಮಿತವಾಗಿ ಅಭ್ಯಾಸ ಬೇಕು ಅನ್ನೋರು ಈ ಹೊತ್ತಿಗೆ ಭಾಷಣ ಅಭ್ಯಾಸಕ್ಕೆ ಅಂತಾನೇ ಜನ ಸೇರೋ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿಗೆ ಅತಿಥಿಯಾಗಿ ಹೋಗಿ ನೋಡ್ಬಹುದು. ಅಲ್ಲಿ ಮೊದಲನೇ ಭಾಷಣ ನಿಮ್ಮ ಪರಿಚಯದ ಬಗ್ಗೆ, 4ರಿಂದ 6 ನಿಮಿಷ. ಅದಕ್ಕಿಂತ ಮುಂಚೆ ಟೈಮರ್ ಕೆಲಸ ಕೇಳಿ. ಮಾತಾಡೋರಿಗೆ ಟೈಮ್ ಆಗ್ತಾ ಬಂದ ಹಾಗೆ ಹಸಿರು, ಹಳದಿ, ಕೆಂಪು ಬಣ್ಣ ತೋರಿಸಿ ಕೊನೇಲಿ ಯಾರು ಎಷ್ಟು ನಿಮಿಷ ಮಾತಾಡಿದ್ರು ಅಂತ ಎದ್ದು ಓದೋದು, ಅಷ್ಟೇ, ಆದ್ರೆ ಎದ್ದು ನಿಂತ ಹಾಗಾಯ್ತು. ಆಮೇಲೆ ಟೇಬಲ್ ಟಾಪಿಕ್ಸ್, ಸ್ಥಳದಲ್ಲೇ ಕೊಟ್ಟ ವಿಷಯಕ್ಕೆ 1ರಿಂದ 2 ನಿಮಿಷ ಮಾತು. ವಿಷಯ ಏನೇ ಕೊಡ್ಲಿ ನಿಮ್ಮ ಹವ್ಯಾಸದ ಕಡೆ ತಿರುಗಿಸ್ಕೊಳ್ಳಿ, ಅದಕ್ಕೇ ಅಲ್ವಾ ಇಷ್ಟು ದಿನ ಐದು ವಿಷಯ ಕೂಡಿಟ್ಟಿದ್ದು.

## ಹಂತ 8: ಮೈಕ್ ಪರಿಚಯ

ಭಾಷಣಕ್ಕಲ್ಲದೇ ಮೈಕಿಗೇ ಹೆದರೋರು ಇದ್ದಾರೆ. ಅರ್ಧ ಗಂಟೆ ಮುಂಚೆ ಹೋಗಿ, ಸೌಂಡ್ ನೋಡ್ಕೊಳ್ಳೋರನ್ನ ಕೇಳಿ ಒಂದು ವಾಕ್ಯ ಮಾತಾಡಿ ನೋಡಿ. ಕೈ ಮೈಕಾದ್ರೆ ಬಾಯಿಂದ ಮೂರ್ನಾಲ್ಕು ಬೆರಳು ದೂರ, ಗದ್ದದ ಮಟ್ಟದಲ್ಲಿ ಸ್ವಲ್ಪ ಓರೆ. ಜಾಲರಿ ಇರೋ ತಲೆಭಾಗ ಮುಷ್ಟಿಯಲ್ಲಿ ಮುಚ್ಬೇಡಿ, ಸ್ಪೀಕರ್ ಕಡೆ ತಿರುಗಿಸ್ಕೊಂಡು ನಡೀಬೇಡಿ, ಕುಂಯ್ ಅನ್ನೋದು ಅದಕ್ಕೇ. ಸ್ಟ್ಯಾಂಡ್ ಮೈಕಾದ್ರೆ ಎತ್ತರ ಸರಿಮಾಡ್ಕೊಂಡೇ ಶುರು ಮಾಡಿ, ಆ ಐದು ಸೆಕೆಂಡ್ ಯಾರಿಗೂ ಭಾರ ಅಲ್ಲ, ಬಗ್ಗಿ ನಿಂತು ಮಾತಾಡಿದ್ರೆ ಉಸಿರೇ ಸಿಗಲ್ಲ. ಕಾಲರ್ ಮೈಕಿಗೆ ಸರ, ಸೆರಗು ತಾಗದ ಹಾಗೆ ನೋಡ್ಕೊಳ್ಳಿ.

## ಹಂತ 9: ಆ ದಿನ

ಹೊಟ್ಟೆ ಖಾಲಿ ಬಿಡ್ಬೇಡಿ, ಇಡ್ಲಿನೋ ಬಾಳೆಹಣ್ಣೋ ಏನಾದ್ರೂ ಲಘುವಾಗಿ ತಿನ್ನಿ. ಸ್ಟ್ರಾಂಗ್ ಫಿಲ್ಟರ್ ಕಾಫಿ ಕಾರ್ಯಕ್ರಮ ಆದ್ಮೇಲೆ, ಆಗ್ಲೇ ಡವಡವ ಅಂತಿರೋ ಎದೆಗೆ ಅದು ಬೇಡ. ಉಗುರುಬೆಚ್ಚಗಿನ ನೀರು ಜೊತೇಲಿರ್ಲಿ.

ಹೆಸರು ಕರೆಯೋಕೆ ಐದು ನಿಮಿಷ ಇದ್ದಾಗ ನಾಲ್ಕು ಎಣಿಸೋ ತನಕ ಉಸಿರು ಒಳಗೆ, ಏಳೆಂಟು ಎಣಿಸೋ ತನಕ ನಿಧಾನಕ್ಕೆ ಹೊರಗೆ, ಹೀಗೆ ಐದಾರು ಸಲ. ಉಸಿರು ಬಿಡೋವಾಗ ಎದೆಬಡಿತ ತಾನಾಗೇ ಸ್ವಲ್ಪ ಕಮ್ಮಿ ಆಗತ್ತೆ, ಅದಕ್ಕೇ ಬಿಡೋದು ಉದ್ದ ಇರ್ಬೇಕು. "ಸಮಾಧಾನ ಸಮಾಧಾನ" ಅಂತ ಮನಸ್ಸಿಗೆ ಬಲವಂತ ಮಾಡ್ಬೇಡಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾತಿಗೆ ಮುಂಚೆ "ನಾನು ಸಮಾಧಾನವಾಗಿದೀನಿ" ಅಂದ್ಕೊಂಡೋರಿಗಿಂತ "ನಂಗೆ ಉತ್ಸಾಹ ಬಂದಿದೆ" ಅಂದ್ಕೊಂಡೋರು ಚೆನ್ನಾಗಿ ಮಾತಾಡಿದ್ರು. ಎರಡರಲ್ಲೂ ಎದೆ ಜೋರಾಗೇ ಬಡಿಯತ್ತೆ, ಹಾಗಾಗಿ ಭಯವನ್ನ ಉತ್ಸಾಹ ಅಂದ್ಕೊಳ್ಳೋದು ಸಮಾಧಾನ ಅಂದ್ಕೊಳ್ಳೋದಕ್ಕಿಂತ ಸುಲಭ.

ಮೇಲೆ ಹೋದ್ಮೇಲೆ ತಕ್ಷಣ ಬಾಯಿ ಬಿಡ್ಬೇಡಿ. ಎರಡೂ ಕಾಲು ಊರಿ, ಒಬ್ಬರ ಮುಖ ನೋಡಿ, ಒಂದು ಉಸಿರು, ಆಮೇಲೆ ಬಾಯಿಪಾಠ ಮಾಡಿದ ಆ ಎರಡು ವಾಕ್ಯ. ಅಷ್ಟರಲ್ಲಿ ಅಬ್ಬರ ಇಳಿಯೋಕೆ ಶುರುವಾಗಿರತ್ತೆ. ಮಧ್ಯೆ ತಲೆ ಖಾಲಿ ಆದ್ರೆ ಹಿಂದಿನ ವಾಕ್ಯವನ್ನ ನಿಧಾನಕ್ಕೆ ಇನ್ನೊಂದ್ಸಲ ಹೇಳಿ, ಅಷ್ಟು ಹೊತ್ತಲ್ಲಿ ಕಾರ್ಡ್ ನೋಡಿ, ಅದೂ ಆಗ್ಲಿಲ್ವಾ, ನೀರು ಕುಡೀರಿ. "ಸಾರಿ, ನಂಗೆ ತುಂಬ ಭಯ ಆಗ್ತಿದೆ" ಅಂತ ಮಾತ್ರ ಹೇಳ್ಬೇಡಿ. ಸಾವಿಟ್ಸ್ಕಿ ಮತ್ತೆ ಗಿಲೊವಿಚ್ ಅನ್ನೋ ಮನಶ್ಶಾಸ್ತ್ರಜ್ಞರು 2003ರಲ್ಲಿ ತೋರಿಸಿದ್ದೇ ಇದು, ಮಾತಾಡೋರು ಅಂದ್ಕೊಂಡಷ್ಟು ಅವರ ಭಯ ಕೇಳೋರಿಗೆ ಕಾಣಲ್ಲ. ಕಾಣ್ದೇ ಇರೋದನ್ನ ನೀವಾಗೇ ಯಾಕೆ ತೋರಿಸ್ಬೇಕು?

## ಎಚ್ಚರಿಕೆ: ಇವು ಕಂಡ್ರೆ ಈ ಮಾರ್ಗದರ್ಶಿ ಸಾಲಲ್ಲ

ಕಾರ್ಯಕ್ರಮಕ್ಕೆ ಮುಂಚೆ ಒಂದು ಪೆಗ್ ಹಾಕಿದ್ರೆ ಧೈರ್ಯ ಬರತ್ತೆ ಅನ್ನೋದು, ಯಾರೋ ಹೇಳಿದ್ರು ಅಂತ ಪ್ರೊಪ್ರಾನೊಲಾಲ್ ಮಾತ್ರೆ ನುಂಗೋದು, ಎರಡೂ ಬೇಡ. ಆ ಮಾತ್ರೆ ಎದೆಬಡಿತ ಇಳಿಸೋದು ನಿಜ, ಆದ್ರೆ ಆಸ್ತಮಾ ಇರೋರಿಗೆ ಅಪಾಯ, ಡಾಕ್ಟರ್ ಬರೆದುಕೊಡ್ದೇ ಮುಟ್ಬಾರದು.

ಮಾತಾಡ್ಬೇಕಾಗತ್ತೆ ಅಂತ ಕಾಲೇಜಿಗೆ, ಇಂಟರ್ವ್ಯೂಗೆ ಹೋಗೋದೇ ಬಿಟ್ಟಿದ್ರೆ, ವಾರಗಟ್ಟಲೆ ಮುಂಚಿಂದ ನಿದ್ದೆ ಬರ್ತಿಲ್ಲ ಅಂದ್ರೆ, ಫೋನ್ ಎತ್ತೋಕೂ ಹೋಟೆಲಲ್ಲಿ ಆರ್ಡರ್ ಮಾಡೋಕೂ ಭಯ ಅಂದ್ರೆ ಇದು ಬರೀ ಸಭಾಕಂಪನ ಅಲ್ಲದೇ ಇರ್ಬಹುದು. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡ್ಬಹುದು. ಇದಕ್ಕೆ ಚಿಕಿತ್ಸೆ ಇದೆ, ಚೆನ್ನಾಗಿ ಕೆಲಸ ಮಾಡತ್ತೆ. ತೊದಲು ಇರೋರು ಧೈರ್ಯದ ಪಾಠಕ್ಕೆ ಮುಂಚೆ ಸ್ಪೀಚ್ ಥೆರಪಿಸ್ಟನ್ನ ನೋಡಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೇಲಿ ಇದಕ್ಕೆ ಅಂತಾನೇ ತಜ್ಞರಿದ್ದಾರೆ.

## ಹಂತ 10: ಮಾರನೇ ದಿನ

ಅವತ್ತು ರಾತ್ರಿ ವಿಡಿಯೋ ನೋಡ್ಬೇಡಿ, ತಪ್ಪುಗಳೇ ಕಣ್ಣಿಗೆ ಬೀಳತ್ತೆ. ಮಾರನೇ ದಿನ ನೋಟ್‌ಬುಕ್ ತೆಗೆದು ಮೂರೇ ಸಾಲು ಬರೀರಿ: ಭಯ ಎಷ್ಟು ಮಾರ್ಕ್ಸ್ ಇತ್ತು, ಎಷ್ಟನೇ ನಿಮಿಷಕ್ಕೆ ಇಳೀತು, ಮುಂದಿನ ಸಲ ಬದಲಾಯಿಸೋ ಒಂದು ವಿಷಯ. ಆಮೇಲೆ ಮುಂದಿನ ಅವಕಾಶವನ್ನ ಅದೇ ವಾರ ಬುಕ್ ಮಾಡಿ, ತಿಂಗಳುಗಟ್ಟಲೆ ಗ್ಯಾಪ್ ಬಿಟ್ರೆ ಭಯ ವಾಪಸ್ ಬರತ್ತೆ, ಒಂದೆರಡು ಮೆಟ್ಟಿಲು ಕೆಳಗಿಂದ ಮತ್ತೆ ಹತ್ತಬೇಕಾಗತ್ತೆ. ನವೆಂಬರ್ ರಾಜ್ಯೋತ್ಸವಕ್ಕೆ ಅಪಾರ್ಟ್‌ಮೆಂಟ್ ಕಮಿಟಿ, ಆಫೀಸ್ ಬಳಗದೋರು ಒಂದು ತಿಂಗಳು ಮುಂಚೆಯೇ ಕೆಲಸ ಹಂಚ್ಕೊಳ್ತಾರೆ, ವಂದನಾರ್ಪಣೆಗೆ ಯಾರೂ ಮುಂದೆ ಬರಲ್ಲ, ನೀವೇ ಮೊದಲು ಹೋಗಿ ಹೆಸರು ಬರೆಸಿ.